ಕನಸು ಎದ್ದ ಕೂಡಲೇ ಮರೆಯುವುದೇಕೆ? ಧ್ಯಾನದಿಂದ ಹಿಡಿಯಬಹುದೇ?

ಹಿಡಿಯಬಹುದು, ಆದರೆ ಎಚ್ಚರವಾದ ಮೊದಲ ಒಂದೆರಡು ನಿಮಿಷದಲ್ಲಿ. ಎದ್ದು ಫೋನ್ ಕೈಗೆತ್ತಿಕೊಂಡಿರೋ, ಬಹುಮಟ್ಟಿಗೆ ಹೋಯಿತು.

ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಸರಸರ ಓಡಾಡುವ ಹಂತದಲ್ಲಿ. ಸುಮಾರು 90 ನಿಮಿಷಕ್ಕೊಮ್ಮೆ ಬರುವ ಇದು ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಈ ಹಂತದಲ್ಲಿ ನೆನಪನ್ನು ಗಟ್ಟಿ ಮಾಡಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ತೀರಾ ಕಡಿಮೆ. ಹಾಗಾಗಿ ಕಂಡದ್ದು ಸರಿಯಾಗಿ ಅಚ್ಚಾಗುವುದಿಲ್ಲ.

ಧ್ಯಾನ ಇಲ್ಲಿ ಪವಾಡವೇನಲ್ಲ, ಅಲುಗಾಡದೆ ಗಮನ ಇಡುವ ಅಭ್ಯಾಸ. ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಕೊಂಡೇ ಕೊನೆಯ ಚಿತ್ರದಿಂದ ಹಿಂದಕ್ಕೆ ನಡೆಯಿರಿ. ಮೊನ್ನೆ ನನಗೆ ಉಳಿದಿದ್ದು ಕಾಫಿ ಒಣಗಿಸುವ ಕಣದಲ್ಲಿ ಬಿದ್ದಿದ್ದ ಒಂದು ಒದ್ದೆ ಚಪ್ಪಲಿ, ಅಷ್ಟೇ. ಅದನ್ನೇ ನೋಡುತ್ತಾ ಮಲಗಿದ್ದೆ. ಕಣದಾಚೆಯ ಬೇಲಿ ಬಂತು, ಆಮೇಲೆ ಮಳೆ, ಆಮೇಲೆ ಹರಡಿದ ಕಾಫಿ ನೆನೆಯಿತಲ್ಲಾ ಎಂಬ ದಿಗಿಲು. ಆ ದಿಗಿಲು ಎಚ್ಚರದಲ್ಲೂ ನನ್ನದೇ. (ಕೊಯ್ಲಿನ ಹೊತ್ತಿನ ಅಕಾಲ ಮಳೆ ಕೊಡಗಿನಲ್ಲಿ ಯಾರ ನಿದ್ದೆ ಕೆಡಿಸಿಲ್ಲ?) ಚಪ್ಪಲಿಗೆ ಶಕುನ ಹುಡುಕುವುದಕ್ಕಿಂತ ಈ ಭಾವವನ್ನು ಗುರುತಿಸಿದರೆ ನಿಮ್ಮ ಬಗ್ಗೆ ಹೆಚ್ಚು ತಿಳಿಯುತ್ತದೆ ಅನ್ನುವುದು ನನ್ನ ಎಣಿಕೆ.

ಎಳೆ ಸಿಗದಿದ್ದರೆ ಬಿಟ್ಟುಬಿಡಿ. ಒತ್ತಾಯದಿಂದ ತುಂಬಿಸಿದ ಚಿತ್ರ ಕನಸಿನದ್ದಲ್ಲ, ಆಗಷ್ಟೇ ನೀವು ಕಟ್ಟಿದ್ದು.