ಜೋಗಿಮಟ್ಟಿಯಲ್ಲಿ ಕರಡಿ ಎದುರಾದರೆ?

ನಮಸ್ಕಾರ. ಮಕ್ಕಳ ಜೊತೆ ಜೋಗಿಮಟ್ಟಿಗೆ ಹೋಗಬೇಕು, ಆದರೆ ಕರಡಿ ಭಯ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಅದು ಚಿತ್ರದುರ್ಗದ ಬಳಿಯ ಬೆಟ್ಟ, ವನ್ಯಜೀವಿಧಾಮ ಕೂಡ, ಆದ್ದರಿಂದ ಮೊದಲು ಅಲ್ಲಿನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಚಿರತೆಯೂ ಇದೆ, ಆದರೆ ಅದು ಸಾಮಾನ್ಯವಾಗಿ ನಮ್ಮನ್ನು ಕಂಡರೆ ತಾನೇ ಸರಿದುಹೋಗುತ್ತದೆ. ಕರಡಿ ಹಾಗಲ್ಲ. ಅದಕ್ಕೆ ಮೂಗು ಚುರುಕು, ಕಣ್ಣು ಮಂದ. ಹುತ್ತ ಕೆದಕಿ ಗೆದ್ದಲು ತಿನ್ನುವಾಗ ನಾವು ಹತ್ತಿರ ಬಂದದ್ದೂ ತಿಳಿಯುವುದಿಲ್ಲ. ಗಾಬರಿಯಾಗಿ ಮೈಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿ ಇದ್ದರಂತೂ ಕೇಳಲೇಬೇಡಿ. ಅದಕ್ಕೇ ಪೊದೆ, ಬಂಡೆ ಸಂದು, ತಿರುವುಗಳಲ್ಲಿ ಮಾತಾಡುತ್ತಾ ನಡೆಯಿರಿ. ಕಾಡಲ್ಲಿ ಸುಮ್ನಿರಬೇಕು ಅನ್ನೋ ಮಾತು ಇಲ್ಲಿ ನಡೆಯಲ್ಲ. ಹಾಗಂತ ಸ್ಪೀಕರ್ ಹಾಕಬೇಡಿ ಮಾರಾಯರೇ!

ದೂರದಲ್ಲಿ ಕಂಡರೆ ಓಡಬೇಡಿ, ಮಕ್ಕಳನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಹಿಂದೆ ಸರಿಯಿರಿ. ಮರ ಹತ್ತಿ ಪ್ರಯೋಜನವಿಲ್ಲ, ಅದೂ ಹತ್ತುತ್ತದೆ.

ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಕೆಳಗಿರಿ. ಮುಸ್ಸಂಜೆಗೆ ಅದರ ಓಡಾಟ ಜಾಸ್ತಿ.

ನನಗೆ ಕರಡಿಗಿಂತ ಹೆಜ್ಜೇನಿನ ಭಯವೇ ಹೆಚ್ಚು. ಬಂಡೆಯಲ್ಲಿ ಜೇನುತಟ್ಟಿ ಕಂಡರೆ ದೂರದಿಂದಲೇ ದಾಟಿ. ಅತ್ತರು ಪೂಸಿಕೊಂಡು ಬರಬೇಡಿ, ಹೊಗೆಯಂತೂ ಬೇಡವೇ ಬೇಡ.

ನೀರು ತಲಾ ಎರಡು ಲೀಟರ್ ಇರಲಿ. ಮಕ್ಕಳು ದಣಿದರೆ ಬೆಟ್ಟದ ಬುಡದಲ್ಲೇ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆಯಲ್ಲ.