ಹಿಲ್ ಹೋದ ಮೇಲೆ ಆ ಜಾಗ ತುಂಬಿದ್ದು ಯಾರು?

ಓವರ್‌ಲ್ಯಾಂಡ್ ಪಾರ್ಕ್‌ನ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಎರಡು ಸಂಜೆ ಹಳೆಯ ಆಟಗಳನ್ನು ಹಾಕಿಕೊಂಡು ಕೂತೆ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಜಗಳ ಏನೆಂದು ಹೇಳಿಬಿಡುತ್ತೇನೆ. ಅದು ಅಮೆರಿಕನ್ ಫುಟ್‌ಬಾಲ್ ಜಗಳ. ನೀವಿರುವುದು ಕಾನ್ಸಾಸ್ ಸಿಟಿ ಪಕ್ಕ, ಚೀಫ್ಸ್ ತಂಡದ ಕಡೆಯವರು. ನಿಮ್ಮ ಭಾಮೈದ ಇರುವುದು ಮಯಾಮಿಯಲ್ಲಿ, ಡಾಲ್ಫಿನ್ಸ್ ಕಡೆಯವರು. 2022ರ ಮಾರ್ಚ್‌ನಲ್ಲಿ ನಿಮ್ಮ ತಂಡ ತನ್ನ ಸ್ಟಾರ್ ರಿಸೀವರ್ ಟೈರೀಕ್ ಹಿಲ್‌ನನ್ನು ಅವರ ತಂಡಕ್ಕೆ ಕೊಟ್ಟುಬಿಟ್ಟಿತು. ಅಂದಿನಿಂದ ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ ಇದೇ ಮಾತು. "ನಿಮ್ಮವರಿಗೆ ಇವತ್ತಿಗೂ ಹಿಲ್‌ನಂಥವನು ಸಿಕ್ಕಿಲ್ಲ" ಅಂತ ಅವರು. "ಅವನು ಹೋದ ಮೇಲೇ ಎರಡು ವರ್ಷ ಎರಡು ಸೂಪರ್ ಬೌಲ್ ಗೆದ್ದೆವಲ್ಲ" ಅಂತ ನೀವು. ಸೂಪರ್ ಬೌಲ್ ಅಂದರೆ ಆ ಲೀಗಿನ ವರ್ಷದ ಫೈನಲ್. ಈಗ ನನ್ನನ್ನು ಪಂಚಾಯ್ತಿಗೆ ಕೂರಿಸಿದ್ದೀರಿ.

ನಿಮಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಭಾಮೈದನವರ ಮಾತು ನಿಜ. ಹಿಲ್‌ನಂಥ ಇನ್ನೊಬ್ಬ ಸಿಗಲಿಲ್ಲ. ಆದರೆ ನಿಮ್ಮವರು ಅಂಥವನನ್ನು ಹುಡುಕಲೂ ಇಲ್ಲ. ಅವರು ಗೆದ್ದಿದ್ದು ಅದಕ್ಕೇ ಅಂತ ನನ್ನ ಲೆಕ್ಕ.

ರಿಸೀವರ್ ಅಂದರೆ ಓಡಿಹೋಗಿ ಕ್ವಾರ್ಟರ್‌ಬ್ಯಾಕ್ (ತಂಡದ ಎಸೆತಗಾರ) ಎಸೆದ ಚೆಂಡು ಹಿಡಿಯುವವನು, ಅಷ್ಟೇ ಅಲ್ವಾ ಅನ್ನಿಸುತ್ತದೆ. ಹಿಲ್ ವಿಷಯದಲ್ಲಿ ಅಷ್ಟೇ ಅಲ್ಲ. ಚೆಂಡು ಅವನ ಕಡೆ ಬರದಿದ್ದಾಗಲೂ ಅವನು ಕೆಲಸ ಮಾಡುತ್ತಿದ್ದ. ಅವನ ಓಟಕ್ಕೆ ಹೆದರಿ ಎದುರಾಳಿಗಳು ಇಬ್ಬರು ಸೇಫ್ಟಿಗಳನ್ನು, ಅಂದರೆ ಹಿಂದಿನ ಸಾಲಿನ ಕಾವಲುಗಾರರನ್ನು, ತುಂಬಾ ಹಿಂದೆ ನಿಲ್ಲಿಸುತ್ತಿದ್ದರು. ನಡುವೆ ಖಾಲಿಯಾದ ಜಾಗದಲ್ಲಿ ಅದೇ ತಂಡದ ಟ್ರಾವಿಸ್ ಕೆಲ್ಸಿ ಆರಾಮಾಗಿ ಚೆಂಡು ಹಿಡಿಯುತ್ತಿದ್ದ. ಇಂಥವನು ಹೋದರೆ ಹೋಗುವುದು ಬರೀ ಕ್ಯಾಚ್‌ಗಳಲ್ಲ, ಎದುರಾಳಿಯ ಹೆದರಿಕೆಯೂ ಹೋಗುತ್ತದೆ. ಅದನ್ನು ಅಂಗಡಿಯಲ್ಲಿ ತರಲಾಗುವುದಿಲ್ಲ.

ಹಾಗಾದರೆ ಬಿಟ್ಟಿದ್ದೇಕೆ? ದುಡ್ಡು. ಆ ಮಾರ್ಚ್‌ನಲ್ಲೇ ಇನ್ನೊಬ್ಬ ದೊಡ್ಡ ರಿಸೀವರ್ ದವಾಂತೆ ಆಡಮ್ಸ್ ಗ್ರೀನ್ ಬೇ ತಂಡ ಬಿಟ್ಟು ರೇಡರ್ಸ್ ಸೇರಿದ. ಐದು ವರ್ಷಕ್ಕೆ 14 ಕೋಟಿ ಡಾಲರ್. ರಿಸೀವರ್‌ಗಳ ರೇಟು ಒಂದೇ ವಾರದಲ್ಲಿ ಏರಿತು. ಹಿಲ್‌ಗೆ ಮಯಾಮಿ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟಿತು. ಆ ವರ್ಷ ಒಂದು ತಂಡ ಎಲ್ಲರ ಸಂಬಳಕ್ಕೆ ಸೇರಿಸಿ ಹಾಕಬಹುದಾದ ಮಿತಿ 20.82 ಕೋಟಿ. 53 ಜನರ ತಂಡ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ಗೆ ಆಗಲೇ ಹತ್ತು ವರ್ಷದ 45 ಕೋಟಿಯ ಒಪ್ಪಂದ ಆಗಿತ್ತು. ತಿಂಗಳ ಸಾಮಾನಿನ ಚೀಟಿ ಬರೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಹಿಲ್ ಬದಲಿಗೆ ಚೀಫ್ಸ್‌ಗೆ ಸಿಕ್ಕಿದ್ದು ಆಟಗಾರನಲ್ಲ, ಐದು ಡ್ರಾಫ್ಟ್ ಪಿಕ್. ಅಂದರೆ ಕಾಲೇಜು ಹುಡುಗರನ್ನು ಆರಿಸುವ ಸರದಿ. ರಿಸೀವರ್ ಜಾಗಕ್ಕೆ ಅವರು ತಂದವರನ್ನು ನೋಡಿ. ಜೂಜೂ ಸ್ಮಿತ್-ಶೂಸ್ಟರ್, ಒಂದು ವರ್ಷದ ಒಪ್ಪಂದ. ಮಾರ್ಕೆಜ್ ವಾಲ್ಡೆಸ್-ಸ್ಕ್ಯಾಂಟ್ಲಿಂಗ್. ಎರಡನೇ ಸುತ್ತಿನಲ್ಲಿ ಸ್ಕೈ ಮೂರ್ ಅನ್ನೋ ಹುಡುಗ. ಸೀಸನ್ ನಡುವೆ ಕಡಾರಿಯಸ್ ಟೋನಿ. ಒಬ್ಬರ ಹೆಸರಿಗೂ ಎದುರಾಳಿ ಬೆವರುವುದಿಲ್ಲ. ನಾನೂ ಆಗ ಇದು ಮುಳುಗುವ ದೋಣಿ ಅಂದುಕೊಂಡಿದ್ದೆ.

ಆದದ್ದೇ ಬೇರೆ. ಹಿಲ್ ಇದ್ದ 2021ರಲ್ಲಿ ಮಹೋಮ್ಸ್ ಎಸೆತಗಳಿಂದ ತಂಡ ಮುಂದೆ ಸಾಗಿದ್ದು 4,839 ಯಾರ್ಡ್. ಹಿಲ್ ಇಲ್ಲದ 2022ರಲ್ಲಿ 5,250. ಅದರಲ್ಲಿ ಕೆಲ್ಸಿ ಒಬ್ಬನೇ ಹಿಡಿದು ತಂದದ್ದು 1,338 ಯಾರ್ಡ್. ಜೂಜೂ 933. ಉಳಿದದ್ದನ್ನು ಒಬ್ಬೊಬ್ಬರು ಇಷ್ಟಿಷ್ಟು ಹಂಚಿಕೊಂಡರು. ಎದುರಾಳಿಗೆ ಯಾರನ್ನು ಕಾಯಬೇಕು ಅನ್ನೋದೇ ತಿಳಿಯದಂತಾಯಿತು.

2023ರ ಫೆಬ್ರವರಿ 12ರ ಸೂಪರ್ ಬೌಲ್ ಅನ್ನು ಇನ್ನೊಮ್ಮೆ ಹಾಕಿ ನೋಡಿ. ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ, ಕೊನೆಯ ಕ್ವಾರ್ಟರ್. ಗೋಲ್ ಗೆರೆಗೆ ಐದೇ ಯಾರ್ಡ್. ಅಂಚಿನಲ್ಲಿದ್ದ ಟೋನಿ ಚೆಂಡು ಚಲಿಸುವ ಮೊದಲೇ ಒಳಗಡೆಗೆ ಓಡುತ್ತಾನೆ. ಅವನನ್ನು ಕಾಯುವವನೂ ಒಳಗೆ ಸರಿಯುತ್ತಾನೆ. ಅದೇ ಗಳಿಗೆಗೆ ಟೋನಿ ಕಾಲೂರಿ ತಿರುಗಿ, ಬಂದ ದಾರಿಯಲ್ಲೇ ಅಂಚಿಗೆ ವಾಪಸ್. ಸುತ್ತ ಒಬ್ಬ ಎದುರಾಳಿಯೂ ಇಲ್ಲ. ಬಸ್ ಹೋದ ಮೇಲಿನ ನಿಲ್ದಾಣದ ಹಾಗೆ ಖಾಲಿ. ಟಚ್‌ಡೌನ್. ಚೆಂಡು ಗೋಲ್ ಗೆರೆ ದಾಟಿತು, ಆರು ಪಾಯಿಂಟ್. ಸ್ವಲ್ಪ ಹೊತ್ತಿಗೆ ಅದೇ ತಂತ್ರವನ್ನು ಇನ್ನೊಂದು ಬದಿಗೆ ತಿರುಗಿಸಿ ಆಡಿದರು. ಈ ಸಲ ಸ್ಕೈ ಮೂರ್, ನಾಲ್ಕು ಯಾರ್ಡ್, ಅವನ ವೃತ್ತಿ ಬದುಕಿನ ಮೊದಲ ಟಚ್‌ಡೌನ್. ಈ ಎರಡೂ ಕ್ಯಾಚ್‌ಗಳನ್ನು ನಮ್ಮ ಪತ್ರಿಕೆಯ ಪ್ರೂಫ್ ನೋಡುವವರೂ ಹಿಡಿಯುತ್ತಿದ್ದರು. ಜಾಗ ಮಾಡಿಕೊಟ್ಟದ್ದು ಓಟದ ವೇಗ ಅಲ್ಲ, ಕೋಚ್ ಆಂಡಿ ರೀಡ್ ತಲೆ. ಚೀಫ್ಸ್ 38–35ರಿಂದ ಗೆದ್ದಿತು.

ಅಂದು ಎದುರು ಕಡೆಯಲ್ಲಿ 45 ಯಾರ್ಡ್‌ನ ಟಚ್‌ಡೌನ್ ಹಿಡಿದವನು ಎ.ಜೆ. ಬ್ರೌನ್. ಅವನ ಕಥೆ ನಿಮ್ಮ ಜಗಳಕ್ಕೆ ಚೆನ್ನಾಗಿ ಒದಗುತ್ತದೆ. 2022ರ ಡ್ರಾಫ್ಟ್ ದಿನ ಟೆನ್ನೆಸ್ಸಿ ಟೈಟನ್ಸ್ ಅವನನ್ನು ಈಗಲ್ಸ್‌ಗೆ ಕೊಟ್ಟು, ಬಂದ 18ನೇ ಪಿಕ್‌ನಲ್ಲಿ ಟ್ರೇಲನ್ ಬರ್ಕ್ಸ್‌ನನ್ನು ತಂದಿತು. ಅವನೂ ಬ್ರೌನ್ ಥರವೇ ದೊಡ್ಡ ಮೈಕಟ್ಟಿನ ಹುಡುಗ. ಒಂದು ಇಟ್ಟಿಗೆ ತೆಗೆದು ಅಷ್ಟೇ ಅಳತೆಯ ಇನ್ನೊಂದು ಇಟ್ಟ ಹಾಗೆ. ಬರ್ಕ್ಸ್ ಆ ವರ್ಷ ಮಾಡಿದ್ದು 444 ಯಾರ್ಡ್. ಬ್ರೌನ್ 1,496. ಡಿಸೆಂಬರ್ 4ರಂದು ಟೈಟನ್ಸ್ ವಿರುದ್ಧವೇ ಎರಡು ಟಚ್‌ಡೌನ್ ಹೊಡೆದ. ಎರಡು ದಿನ ಕಳೆಯುವುದರೊಳಗೆ ಟೈಟನ್ಸ್ ಜನರಲ್ ಮ್ಯಾನೇಜರ್ ಕೆಲಸ ಕಳೆದುಕೊಂಡರು. ಪಾಪ, ಆ ಹುಡುಗನದೇನು ತಪ್ಪು? 22 ವರ್ಷದವನ ಹೆಗಲ ಮೇಲೆ ಬೇರೆಯವನ ಹೆಸರು ಹೊರಿಸಿದ್ದರು.

ನಿಮ್ಮ ಕಡೆಯೂ ಎಲ್ಲ ಸುಸೂತ್ರ ಇರಲಿಲ್ಲ ಅನ್ನೋದನ್ನು ಮರೆಯಬೇಡಿ. ಜೂಜೂ ಒಂದು ವರ್ಷಕ್ಕೇ ಹೊರಟ. 2023ರ ಮೊದಲ ಪಂದ್ಯದಲ್ಲೇ ಟೋನಿ ಕೈಗೆ ಬಡಿದು ಹಾರಿದ ಚೆಂಡು ಎದುರಾಳಿಯ ಟಚ್‌ಡೌನ್ ಆಯಿತು, ಒಂದೇ ಪಾಯಿಂಟ್‌ನಿಂದ ಸೋಲು. ನವೆಂಬರ್ 20ರಂದು ಈಗಲ್ಸ್ ವಿರುದ್ಧ ಆಟ ಮುಗಿಯುತ್ತಾ ಬಂದಾಗ ವಾಲ್ಡೆಸ್-ಸ್ಕ್ಯಾಂಟ್ಲಿಂಗ್ ಕೈಗೆ ಬಂದದ್ದನ್ನು ಬಿಟ್ಟ. ಅದು ಹಿಡಿದಿದ್ದರೆ ಗೆಲುವೇ ಆಗಬಹುದಿತ್ತು. ಆ ತಿಂಗಳುಗಳಲ್ಲಿ ಭಾಮೈದನವರ ಫೋನ್ ಜಾಸ್ತಿ ಬಂದಿರಬೇಕು! ಅದೇ ವರ್ಷ ಹಿಲ್ ಮಯಾಮಿಗೆ 1,799 ಯಾರ್ಡ್ ಮಾಡಿದ. ಚೀಫ್ಸ್‌ನ ಒಳ್ಳೆಯ ಹೊಸ ಹುಡುಗ ರಶೀ ರೈಸ್ 938, ಹೆಚ್ಚುಕಮ್ಮಿ ಅರ್ಧ.

ಆದರೂ ಬಾಲ್ಟಿಮೋರ್‌ನಲ್ಲಿ ಸೂಪರ್ ಬೌಲ್‌ಗೆ ದಾರಿ ತೆರೆದ 32 ಯಾರ್ಡ್‌ನ ಕೊನೆಯ ಕ್ಯಾಚ್ ಹಿಡಿದವನು ಅದೇ ವಾಲ್ಡೆಸ್-ಸ್ಕ್ಯಾಂಟ್ಲಿಂಗ್.

ಇನ್ನೊಂದು ಸಂಗತಿ ಇದೆ, ಇದನ್ನು ಭಾಮೈದನವರಿಗೆ ನಿಧಾನವಾಗಿ ಹೇಳಿ. ಮಯಾಮಿಯಿಂದ ಬಂದ ಮೊದಲ ಸುತ್ತಿನ ಪಿಕ್‌ಗೆ ಇನ್ನೆರಡು ಸೇರಿಸಿ ಕೊಟ್ಟು, ಚೀಫ್ಸ್ ಡ್ರಾಫ್ಟ್ ಸರದಿಯಲ್ಲಿ ಇನ್ನೂ ಮುಂಚಿನ 21ನೇ ಜಾಗ ಕೊಂಡಿತು. ಅಲ್ಲಿ ಆರಿಸಿದ್ದು ಟ್ರೆಂಟ್ ಮೆಕ್‌ಡಫಿಯನ್ನು. ಅವನು ರಿಸೀವರ್ ಅಲ್ಲ, ರಿಸೀವರ್‌ಗಳನ್ನು ತಡೆಯುವ ಕಾರ್ನರ್‌ಬ್ಯಾಕ್. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಕೊನೆಯ ಎರಡು ನಿಮಿಷದ ಹೊತ್ತಿಗೆ ಅವನು ಎಸೆತಗಾರನ ಮೇಲೇ ನುಗ್ಗಿ ಪಾಸ್ ಕೆಡಿಸಿದ. ಸ್ಯಾನ್ ಫ್ರಾನ್ಸಿಸ್ಕೋ ಮೂರೇ ಪಾಯಿಂಟ್‌ಗೆ ತೃಪ್ತಿಪಡಬೇಕಾಯಿತು. ಆಮೇಲೆ ಹೆಚ್ಚುವರಿ ಆಟದಲ್ಲಿ ಗೆಲುವು ನಿಮ್ಮದಾಯಿತು. ಹಿಲ್ ಜಾಗ ತುಂಬಿದ್ದು ಯಾರು ಅಂತ ಕೇಳಿದಿರಿ. ನನ್ನ ಮಟ್ಟಿಗೆ ದೊಡ್ಡ ಪಾಲು ಈ ಮೆಕ್‌ಡಫಿಯದು.

ಇಷ್ಟಕ್ಕೂ ಮಹೋಮ್ಸ್ ಇಲ್ಲದಿದ್ದರೆ ಈ ಲೆಕ್ಕ ಯಾವುದೂ ಕೂಡುತ್ತಿರಲಿಲ್ಲ ಅಂದರೆ ಒಪ್ಪುತ್ತೇನೆ. ಆದರೆ ಆರನ್ ರಾಜರ್ಸ್ ಇದ್ದ ಗ್ರೀನ್ ಬೇ, ಆಡಮ್ಸ್ ಹೋದ ವರ್ಷ 13 ಗೆಲುವು, 4 ಸೋಲಿನಿಂದ 8 ಗೆಲುವು, 9 ಸೋಲಿಗೆ ಇಳಿಯಿತು. ಒಳ್ಳೆಯ ಎಸೆತಗಾರ ಇದ್ದರಷ್ಟೇ ಸಾಲದು.

ಮುಂದಿನ ಹಬ್ಬಕ್ಕೆ ಇಬ್ಬರೂ ಒಟ್ಟಿಗೆ ಸೇರುವುದಾದರೆ 2024ರ ಜನವರಿ 13ರ ಪಂದ್ಯ ಹಾಕಿ. ಆರೋಹೆಡ್ ಮೈದಾನ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಹಿಲ್ ತನ್ನ ಹಳೆಯ ಮನೆಗೆ ಬಂದಿದ್ದ. ಚೀಫ್ಸ್ 26–7ರಿಂದ ಗೆದ್ದಿತು, ರೈಸ್ ಒಬ್ಬನೇ 130 ಯಾರ್ಡ್ ಮಾಡಿದ. ಮಯಾಮಿಗೆ ಸಿಕ್ಕ ಒಂದೇ ಒಂದು ಟಚ್‌ಡೌನ್, 53 ಯಾರ್ಡ್‌ನದು, ಹಿಲ್‌ದೇ. ಆ ಭಾಗ ಬಂದಾಗ ರಿಮೋಟ್ ಭಾಮೈದನವರ ಕೈಗೆ ಕೊಡಿ, ಎಷ್ಟು ಸಲ ಬೇಕೋ ಅಷ್ಟು ಸಲ ನೋಡಿಕೊಳ್ಳಲಿ.

– ಸಂಪಾದಕ