ಏರ್‌ಸ್ಟ್ರಿಪ್ ಮುಚ್ಚಿಸಲು ಹೊರಡಬೇಡಿ, ಸುತ್ತುಗಳ ಲೆಕ್ಕ ಕೇಳಿ

ಊರ ಪಕ್ಕದ ಖಾಸಗಿ ಏರ್‌ಸ್ಟ್ರಿಪ್‌ನ ಸದ್ದು ತಡೆಯಲಾಗುತ್ತಿಲ್ಲ, ಮುಚ್ಚಿಸಲು ಸಹಿ ಸಂಗ್ರಹಿಸಬೇಕೋ ನೇರವಾಗಿ ಕೋರ್ಟಿಗೆ ಹೋಗಬೇಕೋ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ನಾವು ಎರಡನ್ನೂ ಮಾಡಿದವರು.

ನಮ್ಮಲ್ಲಿ ಮೊದಲು ಮಾಲೀಕರ ಸ್ವಂತ ವಿಮಾನ ಆಗಾಗ ಬಂದು ಹೋಗುತ್ತಿತ್ತು, ಅಷ್ಟೆ. ಯಾರೂ ತಕರಾರು ಎತ್ತಿರಲಿಲ್ಲ. ಆಮೇಲೆ ಅಲ್ಲಿಗೆ ಫ್ಲೈಯಿಂಗ್ ಸ್ಕೂಲ್ ಬಂತು. ಹೊಸದಾಗಿ ಕಲಿಯುವವರು ದೂರ ಹಾರುವುದಿಲ್ಲ. ರನ್‌ವೇಗೆ ಚಕ್ರ ತಾಗಿಸಿ, ನಿಲ್ಲದೆ ಮತ್ತೆ ಏರಿ, ಸುಮಾರು ಸಾವಿರ ಅಡಿ ಎತ್ತರದಲ್ಲಿ ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತಾರೆ. ಟಚ್ ಅಂಡ್ ಗೋ ಅನ್ನುವುದು ಇದನ್ನೇ. ಕೆಲವೇ ನಿಮಿಷಕ್ಕೊಂದು ಸುತ್ತು, ಅದೂ ಅವೇ ಮನೆಗಳ ಮೇಲೆ. ಪೈಲಟ್ ಎಡಗಡೆ ಸೀಟಿನಲ್ಲಿ ಕೂರುವುದರಿಂದ ಸುತ್ತು ಸಾಮಾನ್ಯವಾಗಿ ಎಡಕ್ಕೆ ತಿರುಗುತ್ತದೆ. ಗಾಳಿ ದಿಕ್ಕು ಬದಲಿಸಿದರೆ ವಿಮಾನ ರನ್‌ವೇಯ ಇನ್ನೊಂದು ತುದಿಯ ಕಡೆಗೆ ಏರುತ್ತದೆ, ಆಗ ಸುತ್ತು ಆಚೆ ಬದಿಗೆ ಹೋಗುತ್ತದೆ. ಹೀಗಾಗಿ ಒಂದು ಕೇರಿಯವರು ತಲೆ ಚಚ್ಚಿಕೊಳ್ಳುತ್ತಿದ್ದಾಗ ಇನ್ನೊಂದು ಕೇರಿಯವರು "ಎಲ್ಲಿದೆ ಸದ್ದು?" ಅನ್ನುತ್ತಿದ್ದರು. ಅವರಲ್ಲಿ ಕೆಲವರ ಮನೆಯ ಹುಡುಗರು ಅಲ್ಲೇ ಕೆಲಸಕ್ಕಿದ್ದರು. "ಮುಚ್ಚಿಸಿ" ಎಂಬ ಅರ್ಜಿಗೆ ಅವರು ಸಹಿ ಹಾಕುವುದಾದರೂ ಹೇಗೆ? ಊರು ಅಲ್ಲಿಗೇ ಎರಡಾಯಿತು.

ಅದನ್ನಾದರೂ ಸರಿಪಡಿಸಿಕೊಳ್ಳಬಹುದಿತ್ತು. ನಮಗೆ ನಿಜವಾಗಿ ಮುಳುವಾದದ್ದು ಅರ್ಜಿಯ ಒಂದು ಸಾಲು: "ಸದ್ದು ಅಳೆಯಿರಿ, ಮಿತಿ ಮೀರಿದ್ದರೆ ಹಾರಾಟ ನಿಲ್ಲಿಸಿ." ಅದನ್ನು ಸೇರಿಸಿ ಎಂದು ಹಟ ಹಿಡಿದವನು ನಾನು. ಇಷ್ಟೊಂದು ಸದ್ದಿದೆ, ಅಳೆದರೆ ಗೊತ್ತಾಗಿಯೇ ಆಗುತ್ತದೆ ಎಂದು ನಂಬಿದ್ದೆ. ಅಳೆಯಲು ಬರುವವರು ಏನನ್ನು ಅಳೆಯುತ್ತಾರೆ ಎಂದು ಕೇಳಲಿಲ್ಲ.

ಅವರು ಅಳೆಯುವುದು ಸರಾಸರಿಯನ್ನು. ಒಂದು ಉದಾಹರಣೆ ಹಾಕಿ ನೋಡಿ. ಒಂದು ತರಬೇತಿ ವಿಮಾನ ನಿಮ್ಮ ಮಾಳಿಗೆ ಮೇಲೆ ಹೋಗುವಾಗ 20 ಸೆಕೆಂಡು 75 ಡೆಸಿಬಲ್ ಸದ್ದು ಮಾಡುತ್ತದೆ ಅನ್ನಿ. ದಿನಕ್ಕೆ 60 ಸುತ್ತು. ಒಟ್ಟು ಸದ್ದಿನ ಹೊತ್ತು 1,200 ಸೆಕೆಂಡು. ಇಡೀ ದಿನದಲ್ಲಿರುವುದು 86,400 ಸೆಕೆಂಡು. ಆ ಸದ್ದನ್ನು ಇಪ್ಪತ್ತನಾಲ್ಕು ಗಂಟೆಗೂ ಹರಡಿದರೆ ಸರಾಸರಿ 56ರ ಆಸುಪಾಸಿಗೆ ಇಳಿಯುತ್ತದೆ. ಅಮೆರಿಕದಲ್ಲಿ ಮನೆಗಳಿಗೆ ಗೆರೆ ಎಳೆದಿರುವುದು ಹಗಲು-ರಾತ್ರಿಯ ಸರಾಸರಿ 65ಕ್ಕೆ. ಅಂದರೆ ದಿನಕ್ಕೆ ಅರವತ್ತು ಸಲ ಮಾತು ನಿಲ್ಲಿಸಿ ಕಾಯುವವರ ಮನೆಯೂ ಕಾಗದದ ಮೇಲೆ ಪ್ರಶಾಂತ. ಇನ್ನೂ ಇದೆ: ಡೆಸಿಬಲ್ ಲೆಕ್ಕದಲ್ಲಿ ಸುತ್ತುಗಳು ದುಪ್ಪಟ್ಟಾದರೆ ಸರಾಸರಿ ಏರುವುದು ಬರೀ 3. ಅರವತ್ತು ಹೋಗಿ ನೂರಿಪ್ಪತ್ತಾದರೂ 59, ಮಿತಿಯೊಳಗೇ. ರಾತ್ರಿ ಹಾರಾಟಕ್ಕೆ 10 ಡೆಸಿಬಲ್ ಹೆಚ್ಚುವರಿ ಸೇರಿಸುತ್ತಾರೆ, ನಿಜ. ನಮ್ಮಲ್ಲಿ ಹಾರಾಟ ನಡೆಯುತ್ತಿದ್ದುದೆಲ್ಲ ಹಗಲಲ್ಲೇ. ಈ ಸರಾಸರಿಯ ಲೆಕ್ಕ, ವರ್ಷದ ಸರಾಸರಿ ಮಳೆ ತೋರಿಸಿ ನೆರೆಯೇ ಬಂದಿಲ್ಲ ಎಂದು ವಾದಿಸಿದ ಹಾಗೆ. ಅದರ ಮೇಲೆ, ಅಳೆಯಲು ಬಂದದ್ದು ಗಾಳಿ ತಿರುಗಿ ಸುತ್ತುಗಳು ಆಚೆ ಬದಿಗೆ ಹೋಗಿದ್ದ ತಿಂಗಳಲ್ಲಿ.

ವರದಿ "ಮಿತಿಯೊಳಗಿದೆ" ಎಂದಿತು. ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳಬಹುದಿತ್ತು. ಕೆಲವು ತಿಂಗಳ ನಂತರ ರನ್‌ವೇ ಉದ್ದ ಮಾಡುವ ಅರ್ಜಿ ಹೋಯಿತು, ಅದಕ್ಕೆ ಲಗತ್ತಿಸಿದ್ದು ನಮ್ಮದೇ ಬೇಡಿಕೆಯ ಮೇಲೆ ತಯಾರಾದ ಆ ವರದಿ. ಕೋರ್ಟಿನಲ್ಲೂ ಎದುರು ಪಕ್ಷದವರು ಎತ್ತಿ ಹಿಡಿದದ್ದು ಅದನ್ನೇ. ನಮ್ಮ ವಕೀಲರಿಗೆ ಉತ್ತರ ಇರಲಿಲ್ಲ.

ಆದ್ದರಿಂದ ಡೆಸಿಬಲ್ ಎಂಬ ಶಬ್ದವನ್ನೇ ಅರ್ಜಿಯಿಂದ ತೆಗೆದುಹಾಕಿ. ಎಣಿಸಬಹುದಾದದ್ದನ್ನು ಕೇಳಿ: ದಿನಕ್ಕೆ ಗರಿಷ್ಠ ಎಷ್ಟು ಸುತ್ತು, ಬೆಳಿಗ್ಗೆ ಎಷ್ಟು ಗಂಟೆಗೆ ಮೊದಲನೆಯದು, ಭಾನುವಾರ ಮಧ್ಯಾಹ್ನ ಬಿಡುವು ಉಂಟೋ ಇಲ್ಲವೋ, ಮನೆಗಳಿಲ್ಲದ ಕಡೆಗೆ ಬಲ ಸುತ್ತು ಹಾಕಬಹುದೋ. ಬಲ ಸುತ್ತು ಅಪರೂಪದ್ದೇನೂ ಅಲ್ಲ, ಎಷ್ಟೋ ಕಡೆ ಊರು ತಪ್ಪಿಸಲೆಂದೇ ಇಟ್ಟಿರುತ್ತಾರೆ. ಒಂದು ನೋಟ್‌ಬುಕ್‌ನಲ್ಲಿ ಸಮಯ, ದಿಕ್ಕು, ವಿಮಾನದ ಮೈಮೇಲೆ ಬರೆದಿರುವ ನೋಂದಣಿ ಅಕ್ಷರ ಬರೆದಿಡಿ. ಎರಡೂ ಕೇರಿಯವರು ಬರೆಯಲಿ. ಇಂಥ ಬೇಡಿಕೆಗೆ ಅಲ್ಲಿ ಕೆಲಸ ಮಾಡುವ ಹುಡುಗನ ಅಪ್ಪನೂ ಸಹಿ ಹಾಕುತ್ತಾನೆ, ಏಕೆಂದರೆ ಅದರಿಂದ ಯಾರ ಕೆಲಸವೂ ಹೋಗುವುದಿಲ್ಲ. ನಮಗೆ ಕೊನೆಗೆ ಸಿಕ್ಕ ಅಲ್ಪಸ್ವಲ್ಪ ನೆಮ್ಮದಿ, ಭಾನುವಾರದ ಬಿಡುವು, ಬಂದದ್ದು ಹೀಗೆ ಫ್ಲೈಯಿಂಗ್ ಸ್ಕೂಲ್‌ನ ಮುಖ್ಯಸ್ಥರೊಡನೆ ಎದುರುಬದುರು ಕೂತು ಬರೆಸಿಕೊಂಡ ಪತ್ರದಿಂದ.

ಇಂಧನ ಯಾವುದು ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ನನಗೆ ಸದ್ದಿಗಿಂತ ಇದೇ ದೊಡ್ಡ ಸಂಕಟ. ಸಣ್ಣ ಪಿಸ್ಟನ್ ವಿಮಾನಗಳು ಬಹುತೇಕ ಬಳಸುವ 100 ಎಲ್‌ಎಲ್ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಇದೆ, ಲೀಟರಿಗೆ 0.56 ಗ್ರಾಂವರೆಗೆ. ಈ ವಿಮಾನಗಳ ಹೊಗೆಯ ಸೀಸ ಜನರ ಆರೋಗ್ಯಕ್ಕೆ ಅಪಾಯ ಎಂದು ಅಮೆರಿಕದ ಪರಿಸರ ಸಂಸ್ಥೆ 2023ರಲ್ಲಿ ಅಧಿಕೃತವಾಗಿ ಹೇಳಿದೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿ 2022ರ ಆರಂಭದಿಂದಲೇ ತನ್ನ ವಿಮಾನ ನಿಲ್ದಾಣಗಳಲ್ಲಿ ಅದರ ಮಾರಾಟ ನಿಲ್ಲಿಸಿತು. ಜೆಟ್ ಇಂಧನದಲ್ಲಿ ಓಡುವ ತರಬೇತಿ ವಿಮಾನಗಳೂ ಇವೆ, ಅವುಗಳಲ್ಲಿ ಸೀಸದ ಪ್ರಶ್ನೆಯೇ ಇಲ್ಲ. ಮಕ್ಕಳಿರುವ ಊರು ಇದನ್ನು ಕೇಳದೆ ಬಿಡಬಾರದು.

ಮುಚ್ಚಿಸಿಯೇ ತೀರುತ್ತೇವೆ ಎಂದಾದರೆ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ವಿಮಾನ ನಿಲ್ದಾಣ ನೋಡಿ. ಅದು ಖಾಸಗಿಯದಲ್ಲ, ನಗರದ ಸ್ವಂತ ಆಸ್ತಿ. ಆದರೂ ದಶಕಗಳ ಜಗಳದ ನಂತರ 2017ರಲ್ಲಿ ಆದ ಒಪ್ಪಂದದ ಪ್ರಕಾರ 2028 ಮುಗಿಯುವವರೆಗೆ ಮುಚ್ಚುವಂತಿಲ್ಲ. ತಕ್ಷಣ ಕೆಲಸ ಮಾಡಿದ್ದು ಅದೇ ಒಪ್ಪಂದದ ಇನ್ನೊಂದು ಅಂಶ: 4,973 ಅಡಿಯ ರನ್‌ವೇಯನ್ನು ಅದೇ ವರ್ಷ 3,500 ಅಡಿಗೆ ಇಳಿಸಿದರು, ದೊಡ್ಡ ಜೆಟ್‌ಗಳು ಬರುವುದು ತಪ್ಪಿತು. ಯಾವ ವಿಮಾನ ಬರಬಲ್ಲದು ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ರನ್‌ವೇಯ ಉದ್ದ.

ಹಾಗಾಗಿ ನಾಳೆಯೇ ಹೋಗಿ ನಿಮ್ಮಲ್ಲಿ ವಿಸ್ತರಣೆಗೆ ಅರ್ಜಿ ಬಿದ್ದಿದೆಯೇ ವಿಚಾರಿಸಿ. ಬಿದ್ದಿದ್ದರೆ ಆಕ್ಷೇಪಣೆ ಸಲ್ಲಿಸುವ ಗಡುವು ಯಾವತ್ತು ಎಂದು ಬರೆದುಕೊಂಡು ಬನ್ನಿ, ಸಹಿ ಸಂಗ್ರಹವನ್ನು ಆಮೇಲೆ ನೋಡೋಣ.